ಗೊಂಚಲು ಒಂದೇ ಆದರೆ ಕೀಲಿ ನಾಲ್ಕಿದ್ದರೇನು?

ಬರೆಯದೆ ಮೂರು ತಿಂಗಳಾಯಿತು. ಪರೀಕ್ಷೆ, ಪತ್ರಿಕೆ ತಿದ್ದುವುದು, ಆಮೇಲೆ ಒಂದನೇ ತರಗತಿಗೆ ಮಕ್ಕಳನ್ನು ಹುಡುಕಿಕೊಂಡು ಮನೆಮನೆ ಅಲೆಯುವುದು... ಕಾರಣಗಳಿಗೇನು ಕೊರತೆ? ಆದರೆ ನಿಜವಾದ ಕಾರಣ ಬೇರೆ. ನಮ್ಮಿಂದ ಒಂದು ತಪ್ಪಾಗಿತ್ತು. ಮಕ್ಕಳ ಮನೆಯವರಿಗೆ ಹೇಳುವ ಮೊದಲು ಅದನ್ನು ಇಲ್ಲಿ ಬರೆಯುವುದು ಸರಿಯಲ್ಲ ಅನ್ನಿಸಿತ್ತು. ಈಗ ಹೇಳಿಯಾಗಿದೆ. ಇನ್ನು ಬರೆಯಬಹುದು.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಮ್ಮದು ಹೊಸೂರಿನಿಂದ ದೆಂಕಣಿಕೋಟೆಗೆ ಹೋಗುವ ದಾರಿಯ ಪಕ್ಕದ ಒಂದು ಹಳ್ಳಿಯ ಸರ್ಕಾರಿ ಕನ್ನಡ ಶಾಲೆ. ಅತ್ತಿಬೆಲೆ ದಾಟಿ ಈಚೆ ಬಂದರೆ ತಮಿಳುನಾಡು, ಅಷ್ಟೇ ದೂರ. ಆದರೆ ಪುಸ್ತಕದ ವಿಷಯಕ್ಕೆ ಬಂದರೆ ಅದು ಬಹಳ ದೂರ! ನಮ್ಮ ಮಕ್ಕಳು ಓದುವುದು ತಮಿಳುನಾಡಿನ ಪಠ್ಯವನ್ನು, ಕನ್ನಡದಲ್ಲಿ. ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಗೈಡು, ಪ್ರಶ್ನೆಕೋಶ ಎಲ್ಲ ಕರ್ನಾಟಕದ ಪಠ್ಯಕ್ಕೆ. ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಎಲ್ಲ ತಮಿಳಿನಲ್ಲಿ. ನಡುವೆ ನಾವು. ಆದ್ದರಿಂದ ತಳಿ, ಬಾಗಲೂರು, ಕೆಲಮಂಗಲ ಕಡೆಯ ಮೇಷ್ಟ್ರುಗಳು ಸೇರಿ ಏಳು ಜನ, ನಾವೇ ಪ್ರಶ್ನೆಪತ್ರಿಕೆ ಮಾಡಿ, ಟಿಪ್ಪಣಿ ಟೈಪು ಮಾಡಿ, ಹಳೆಯವನ್ನು ಸ್ಕ್ಯಾನ್ ಮಾಡಿ ಒಂದು ಕಡೆ ಕೂಡಿಡುತ್ತಾ ಬಂದಿದ್ದೇವೆ. ಅದಕ್ಕಾಗಿ ಬಾಡಿಗೆಗೆ ಹಿಡಿದ ಎರಡು ಪುಟ್ಟ ಸರ್ವರುಗಳಿವೆ. ಬಾಡಿಗೆ ಏಳು ಜನರ ಜೇಬಿನಿಂದ.

ಇದನ್ನೆಲ್ಲ ನಮಗೆ ಕಲಿಸಿದವನು ನಮ್ಮದೇ ಹಳೆಯ ವಿದ್ಯಾರ್ಥಿ. ನಾವು ಟಿ.ಸಿ.ಎಚ್. ಓದುವಾಗ ಗಣಕಯಂತ್ರವನ್ನು ಮುಟ್ಟಿದವರೇ ಅಲ್ಲ. 2011ರಲ್ಲಿ ತಮಿಳುನಾಡು ಸರ್ಕಾರ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರು ಮಾಡಿತಲ್ಲ, ಅದರಲ್ಲಿ ಇವನಿಗೂ ಒಂದು ಬಂತು. ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಅಂತ ಒಂದು ಇತ್ತು. ಎಲ್ಲರೂ ವಿಂಡೋಸ್ ತೆರೆದರೆ ಇವನು ಆ ಇನ್ನೊಂದನ್ನು ತೆರೆದ. ತೆರೆದವನು ಮತ್ತೆ ಮುಚ್ಚಲಿಲ್ಲ. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸರ್ವರುಗಳನ್ನು ನೋಡಿಕೊಳ್ಳುವುದೇ ಅವನ ಕೆಲಸ. ದಿನಾ ಹೊಸೂರಿನಿಂದ ಹೋಗಿ ಬರುತ್ತಾನೆ.

ವಿಷಯಕ್ಕೆ ಬರೋಣ. ನಮ್ಮ ಎರಡು ಸರ್ವರುಗಳಲ್ಲಿ ಒಂದು ಹೊರಗಿನದು, ಇನ್ನೊಂದು ಒಳಗಿನದು. ಹೊರಗಿನದಕ್ಕೆ ಅಂತರ್ಜಾಲದಿಂದ ಯಾರು ಬೇಕಾದರೂ ಬಂದು ಬಾಗಿಲು ಬಡಿಯಬಹುದು. ಒಳಗಿನದಕ್ಕೆ ಹೊರಗಿನದರ ಮೂಲಕವೇ ಹೋಗಬೇಕು. ಹೊರಗಿನದರಲ್ಲಿ ಪ್ರಶ್ನೆಪತ್ರಿಕೆ, ಟಿಪ್ಪಣಿ. ಒಳಗಿನದರಲ್ಲಿ ಅವುಗಳ ಇನ್ನೊಂದು ಪ್ರತಿ ಮತ್ತು, ಈಗ ಹೇಳಲು ನಾಚಿಕೆಯಾಗುತ್ತದೆ, ನಮ್ಮ ಶಾಲೆಯ 38 ಮಕ್ಕಳ ವಿದ್ಯಾರ್ಥಿವೇತನದ ಕಡತ. ಹೆಸರು, ಹುಟ್ಟಿದ ದಿನ, ಜಾತಿ, ಅಪ್ಪ ಅಮ್ಮನ ಫೋನ್ ನಂಬರು, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ. ಪ್ರತಿ ವರ್ಷ ಅದೇ ಕಾಗದಗಳನ್ನು ಅದೇ ಬಡವರ ಹತ್ತಿರ ಮತ್ತೆ ಮತ್ತೆ ಕೇಳುವುದು ಬೇಡ ಎಂದು ನಾವೇ ಮಾಡಿದ ಏರ್ಪಾಡು.

ಈ ಸರ್ವರುಗಳಿಗೆ ನಾವು ಹೋಗುವುದು ಎಸ್‌ಎಸ್‌ಎಚ್ ಎಂಬ ದಾರಿಯಲ್ಲಿ. ಅದರ ಕತೆ ಚೆನ್ನಾಗಿದೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕುಳಿತು, ಹಾದುಹೋಗುವ ಪಾಸ್‌ವರ್ಡುಗಳನ್ನೆಲ್ಲ ಹಿಡಿದುಕೊಂಡರು. ಆ ಕಾಲದಲ್ಲಿ ಪಾಸ್‌ವರ್ಡು ಅಂಚೆ ಕಾರ್ಡಿನ ಹಾಗೆ, ದಾರಿಯಲ್ಲಿ ಸಿಕ್ಕಿದವರೆಲ್ಲ ಓದಬಹುದಿತ್ತು. ಅಲ್ಲೇ ಸಂಶೋಧಕರಾಗಿದ್ದ ತಾತು ಯುಲೋನೆನ್ ಅದಕ್ಕೆ ಮದ್ದಾಗಿ ಎಸ್‌ಎಸ್‌ಎಚ್ ಬರೆದರು. ಇಂದು ನಾವು ನೀವು ಬಳಸುವ ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತ ತಂತ್ರಾಂಶ 1999ರಲ್ಲಿ ಓಪನ್‌ಬಿಎಸ್‌ಡಿ ತಂಡದಿಂದ ಬಂತು.

ಇದರಲ್ಲಿ ಪಾಸ್‌ವರ್ಡಿನ ಬದಲು ಜೋಡಿ ಕೀಲಿ ಬಳಸಬಹುದು. ಒಂದು ಗುಟ್ಟಿನದು, ನಿಮ್ಮ ಯಂತ್ರದಲ್ಲೇ ಇರುತ್ತದೆ. ಇನ್ನೊಂದು ಬಹಿರಂಗದ್ದು, ಅದನ್ನು ಸರ್ವರಿನಲ್ಲಿ ಇಟ್ಟು ಬರುತ್ತೀರಿ. ಒಳಗೆ ಬರಬೇಕಾದಾಗ ನಿಮ್ಮ ಯಂತ್ರ ಗುಟ್ಟಿನ ಕೀಲಿಯಿಂದ ಒಂದು ರುಜು ಹಾಕಿ ಕಳಿಸುತ್ತದೆ. ರುಜು ಸರಿಯೇ ಎಂದು ಸರ್ವರು ಬಹಿರಂಗ ಕೀಲಿಯಿಂದ ತಾಳೆ ನೋಡುತ್ತದೆ. ಗುಟ್ಟಿನ ಕೀಲಿ ಎಂದೂ ದಾರಿಗೆ ಇಳಿಯುವುದಿಲ್ಲ. ಆ ಕೀಲಿಗೂ ಒಂದು ಗುಪ್ತವಾಕ್ಯ ಇಟ್ಟಿರುತ್ತೇವೆ. ಪ್ರತಿ ಸಲ ಅದನ್ನು ಒತ್ತುವುದು ಬೇಜಾರು. ಅದಕ್ಕೇ ಏಜೆಂಟ್ ಎಂಬ ಚಾಕರ ಇದ್ದಾನೆ. ಬೆಳಿಗ್ಗೆ ಒಮ್ಮೆ ಗುಪ್ತವಾಕ್ಯ ಹೇಳಿ ಕೀಲಿಗಳನ್ನು ಅವನ ಕೈಗೆ ಕೊಟ್ಟರೆ, ಯಾರು ರುಜು ಕೇಳಿದರೂ ಅವನೇ ಹಾಕಿಕೊಡುತ್ತಾನೆ.

ಈಗ ತೊಡಕು ಇಲ್ಲಿದೆ. ನಾವು ಹೊರಗಿನ ಸರ್ವರಿಗೆ ಹೋಗಿ, ಅಲ್ಲಿಂದ ಒಳಗಿನದಕ್ಕೆ ಹೋಗಬೇಕು. ಕೀಲಿ ಇರುವುದು ನಮ್ಮ ಲ್ಯಾಪ್‌ಟಾಪಿನಲ್ಲಿ. ಏನು ಮಾಡುವುದು? ಏಜೆಂಟನ್ನು ಫಾರ್ವರ್ಡ್ ಮಾಡುವುದು. ಅಂದರೆ ಹೊರಗಿನ ಸರ್ವರಿನಲ್ಲಿ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ ಹಾಕಿದ ಚೀಟಿ ನಮ್ಮ ಲ್ಯಾಪ್‌ಟಾಪಿನ ಏಜೆಂಟಿಗೆ ಬಂದು, ರುಜು ಹಾಕಿಸಿಕೊಂಡು ವಾಪಸು ಹೋಗುತ್ತದೆ. ಎಷ್ಟು ಅನುಕೂಲ! ನಾವು ಹಲವು ವರ್ಷಗಳ ಹಿಂದೆ ಯಾವುದೋ ಒಂದು ಕಡೆ ಓದಿ, ಸಂರಚನೆಯ ಕಡತದಲ್ಲಿ ಎಲ್ಲ ಸರ್ವರುಗಳಿಗೂ ಅನ್ವಯಿಸುವಂತೆ 'ಫಾರ್ವರ್ಡ್‌ಏಜೆಂಟ್ ಯೆಸ್' ಎಂದು ಬರೆದು ಮರೆತಿದ್ದೆವು. ಕೀಲಿಯೂ ಒಂದೇ. ಹೊರಗಿನದಕ್ಕೆ, ಒಳಗಿನದಕ್ಕೆ, ಪ್ರೋಗ್ರಾಂ ಇಡುವ ಗಿಟ್‌ಹಬ್‌ಗೆ, ಕನ್ನಡ ವಿಕಿಪೀಡಿಯದ ಕೆಲಸಕ್ಕಾಗಿ ಪಡೆದ ಟೂಲ್‌ಫೋರ್ಜ್ ಖಾತೆಗೆ, ಎಲ್ಲಕ್ಕೂ ಅದೊಂದೇ.

ಹೊಸೂರಿನ ಚಂದ್ರಚೂಡೇಶ್ವರನ ತೇರಿನ ಹಿಂದಿನ ಶನಿವಾರ. ರಾತ್ರಿ ಒಂಬತ್ತೂವರೆ ಸುಮಾರಿಗೆ ಹೊರಗಿನ ಸರ್ವರಿಗೆ ಹೋಗಿ, ಅಲ್ಲಿಂದ ಸ್ಕ್ಯಾನ್ ಮಾಡಿದ ಪತ್ರಿಕೆಗಳನ್ನು ಒಳಗಿನದಕ್ಕೆ ನಕಲು ಮಾಡಲು ಹಚ್ಚಿದೆವು. ವರ್ಷವಿಡೀ ಕೂಡಿಸಿದ್ದು, ದೊಡ್ಡ ಗಂಟು. ಬೇಗ ಮುಗಿಯುವ ಹಾಗೆ ಕಾಣಲಿಲ್ಲ. ಲ್ಯಾಪ್‌ಟಾಪನ್ನು ಹಾಗೇ ತೆರೆದಿಟ್ಟು ಮಲಗಿದೆವು.

ಬೆಳಿಗ್ಗೆ ನಕಲು ಮುಗಿದಿತ್ತು. ಸಂತೋಷವಾಗಿ ಒಳಗಿನ ಸರ್ವರಿಗೆ ಹೋದರೆ, ಈ ಹಿಂದೆ ಬಂದವರ ವಿವರದ ಸಾಲು ಕಾಣಿಸುತ್ತದಲ್ಲ, ಅದರಲ್ಲಿ ನಮ್ಮದೇ ಹೆಸರು, ಸಮಯ ರಾತ್ರಿ ಎರಡು ಗಂಟೆ ಹದಿನೇಳು ನಿಮಿಷ. ನಾವು ಆಗ ನಿದ್ದೆಯಲ್ಲಿದ್ದೆವು. ನಕಲು ಕೆಲಸಕ್ಕೆ ಒಮ್ಮೆ ಒಳಹೊಕ್ಕರೆ ಸಾಕು, ನಡುರಾತ್ರಿ ಮತ್ತೊಮ್ಮೆ ಹೊಗಬೇಕಾಗಿಲ್ಲ. ಹಾಗಾದರೆ ಎರಡು ಹದಿನೇಳಕ್ಕೆ ನಮ್ಮ ಹೆಸರಿನಲ್ಲಿ ಹೋದವರು ಯಾರು?

ಶಿಷ್ಯನಿಗೆ ಫೋನ್ ಮಾಡಿದೆವು. ಭಾನುವಾರವೂ ಪಾಪ ಬಂದ. ಲಾಗ್ ಕಡತ ನೋಡಿದ. ರಾತ್ರಿ ಒಂಬತ್ತು ನಲವತ್ತಕ್ಕೆ ನಮ್ಮ ಕೀಲಿ, ಎರಡು ಹದಿನೇಳಕ್ಕೂ ನಮ್ಮದೇ ಕೀಲಿ. ಬೆರಳಚ್ಚು ಅಕ್ಷರಕ್ಕೆ ಅಕ್ಷರ ಒಂದೇ.

"ಅದು ಹೇಗಪ್ಪಾ? ಕೀಲಿ ನಮ್ಮ ಲ್ಯಾಪ್‌ಟಾಪಿನಲ್ಲೇ ಇದೆ. ಆಚೆ ಹೋಗೇ ಇಲ್ಲವಲ್ಲ" ಎಂದೆವು.

"ಕೀಲಿ ಹೋಗಿಲ್ಲ ಸಾರ್. ರುಜು ಹೋಗಿದೆ."

ಅವನು ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಎಚ್.ಎಂ. ಮೇಡಂ ಅವರ ಸೀಲು ಬೀರುವಿನಲ್ಲಿ ಭದ್ರವಾಗಿದೆ ಅನ್ನಿ. ಆದರೆ ಗೇಟಿನ ಹತ್ತಿರ ಒಂದು ಬುಟ್ಟಿ ಇಟ್ಟು, ಅದಕ್ಕೆ ಬಿದ್ದ ಕಾಗದಕ್ಕೆಲ್ಲ ಓದದೆ ಸೀಲು ಒತ್ತಿ ವಾಪಸು ಕಳಿಸಿ ಎಂದು ಆಫೀಸಿನಲ್ಲಿ ಹೇಳಿಬಿಟ್ಟಿದ್ದಾರೆ. ಆಗ ಸೀಲನ್ನು ಯಾರೂ ಕದಿಯಬೇಕಾಗಿಲ್ಲ. ಗೇಟಿನ ಹತ್ತಿರ ನಿಂತುಕೊಳ್ಳುವ ಅಧಿಕಾರ ಇದ್ದರೆ ಸಾಕು, ಬೇಕಾದ ಟಿ.ಸಿ. ಬರೆದುಕೊಳ್ಳಬಹುದು! ಹೊರಗಿನ ಸರ್ವರಿನಲ್ಲಿ ತೆರೆದ ಆ ಕಿಟಕಿಯೇ ಈ ಬುಟ್ಟಿ. ಅದು ನಮ್ಮ ಹೆಸರಿನಲ್ಲೇ ಇರುತ್ತದೆ, ಸಾಮಾನ್ಯ ಬಳಕೆದಾರರಿಗೆ ಮುಟ್ಟಲು ಬರುವುದಿಲ್ಲ, ನಿಜ. ಆದರೆ ಆ ಸರ್ವರಿನ ರೂಟ್ ಅಧಿಕಾರ ಇದ್ದವರಿಗೆ ಯಾವ ತಡೆಯೂ ಇಲ್ಲ. ನಮ್ಮ ಸಂಪರ್ಕ ಜೀವಂತವಾಗಿರುವಷ್ಟು ಹೊತ್ತೂ ಅವರು ನಮ್ಮ ಹೆಸರಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಓಪನ್‌ಎಸ್‌ಎಸ್‌ಎಚ್‌ನ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. ನಾವು ಓದಿರಲಿಲ್ಲ. ಮಕ್ಕಳಿಗೆ ಮಾತ್ರ 'ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿರಿ' ಎಂದು ಹೇಳುತ್ತಲೇ ಇರುತ್ತೇವೆ.

ಹೊರಗಿನ ಸರ್ವರಿನಲ್ಲಿ ರೂಟ್ ಅಧಿಕಾರ ಯಾರಿಗಿತ್ತು? ಏಳೂ ಜನಕ್ಕೆ. ಎಲ್ಲರೂ ನಮ್ಮವರೇ ಅಲ್ಲವೆ ಎಂದು. ಅವರಲ್ಲಿ ಒಬ್ಬರು ಕೀಲಿ ಗೋಜಲು ಎಂದು ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದರು. ಊರಿನ ಹೆಸರು, ಅದರ ಮುಂದೆ ಇಸವಿ. ಇಂಥದ್ದನ್ನು ಊಹಿಸುತ್ತಾ ಹಗಲೂ ರಾತ್ರಿ ಬಾಗಿಲು ಬಡಿಯುವ ಯಂತ್ರಗಳು ಜಗತ್ತಿನ ತುಂಬಾ ಇವೆ. ಅವರನ್ನು ಬಯ್ಯಲು ನಮಗೆ ಬಾಯಿ ಬರಲಿಲ್ಲ. ಅವರಿಂದ ಹೊರಗಿನ ಬಾಗಿಲು ತೆರೆದಿರಬಹುದು. ಒಳಗಿನ ಬಾಗಿಲು ತೆರೆದುಕೊಟ್ಟವರು ನಾವೇ.

ಇದು ನಮಗೊಬ್ಬರಿಗೇ ಆದದ್ದಲ್ಲ ಎಂದು ಶಿಷ್ಯ ಸಮಾಧಾನ ಹೇಳಿದ. ಮ್ಯಾಟ್ರಿಕ್ಸ್ ಎಂಬ ಮುಕ್ತ ಸಂದೇಶ ಜಾಲವಿದೆ. 2019ರಲ್ಲಿ ಅವರ ಜೆಂಕಿನ್ಸ್ ಎಂಬ ಹಳತಾದ ತಂತ್ರಾಂಶದ ತೂತಿನಿಂದ ಒಬ್ಬ ಒಳಹೊಕ್ಕ. ಆ ಯಂತ್ರಕ್ಕೆ ಅವರ ತಂತ್ರಜ್ಞರೊಬ್ಬರು ಏಜೆಂಟನ್ನು ಫಾರ್ವರ್ಡ್ ಮಾಡಿಕೊಂಡು ಬಂದಾಗ, ಅದನ್ನೇ ಬಳಸಿ ಮುಖ್ಯ ಸರ್ವರುಗಳಿಗೆ ದಾಟಿದ. ಏಪ್ರಿಲ್‌ನಲ್ಲಿ ಗೊತ್ತಾದಾಗ ಇಡೀ ಸೇವೆಯನ್ನು ನಿಲ್ಲಿಸಿ, ಎಲ್ಲ ಬಳಕೆದಾರರನ್ನೂ ಹೊರಗೆ ಹಾಕಿ ಮತ್ತೆ ಕಟ್ಟಬೇಕಾಯಿತು. ತಮಾಷೆ ಎಂದರೆ, ಆ ಕಳ್ಳನೇ ಗಿಟ್‌ಹಬ್‌ನಲ್ಲಿ ಅವರಿಗೆ ಬುದ್ಧಿವಾದ ಬರೆದ, ಏಜೆಂಟ್ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ ಎಂದು! ಅಷ್ಟು ತಿಳಿದವರಿಗೇ ಹೀಗಾದರೆ ಬಿ.ಎ. ಓದಿದ ನಮ್ಮದೇನು ಎಂದುಕೊಂಡೆವು. ಸಮಾಧಾನ ಮಾತ್ರ ಆಗಲಿಲ್ಲ. ನಮ್ಮ ಬಳಿ ಇದ್ದದ್ದು ನಮ್ಮನ್ನು ನಂಬಿ ಪಾಸ್‌ಬುಕ್ ಕೊಟ್ಟವರದು.

ಆವತ್ತೇ ಹಳೆಯ ಕೀಲಿಯನ್ನು ಎಲ್ಲ ಕಡೆಯಿಂದ ತೆಗೆದೆವು. ಒಂದೇ ಕೀಲಿಯನ್ನು ನಾಲ್ಕು ಕಡೆ ಬಳಸಿದ್ದರ ದಂಡ ಆಗ ತಿಳಿಯಿತು. ನಾಲ್ಕೂ ಕಡೆ ಹೋಗಿ, ನಾಲ್ಕೂ ಕಡೆಯ ಲಾಗ್ ನೋಡಿ, ನಾಲ್ಕೂ ಕಡೆ ಬದಲಾಯಿಸಬೇಕಾಯಿತು. ಎರಡೂ ಸರ್ವರುಗಳನ್ನು ಅಳಿಸಿ ಹೊಸದಾಗಿ ಕಟ್ಟಿದೆವು. ರೂಟ್ ಅಧಿಕಾರ ಸಿಕ್ಕವನು ಏನೇನು ಬಚ್ಚಿಟ್ಟು ಹೋಗಿದ್ದಾನೋ ಎಂದು ಹುಡುಕುವುದಕ್ಕಿಂತ ಅದೇ ಸುಲಭ.

ಇಲ್ಲಿ ನಮ್ಮ ಎರಡನೇ ಪೆದ್ದುತನ ಹೇಳಲೇಬೇಕು. ಶಿಷ್ಯ "ಬೇರೆ ಬೇರೆ ಕೀಲಿ ಮಾಡಿಕೊಳ್ಳಿ ಸಾರ್" ಎಂದಿದ್ದ. ನಾವು ಶ್ರದ್ಧೆಯಿಂದ ನಾಲ್ಕು ಕೀಲಿ ಮಾಡಿ, ನಾಲ್ಕಕ್ಕೂ ಹೆಸರಿಟ್ಟು, ನಾಲ್ಕು ಗುಪ್ತವಾಕ್ಯ ಇಟ್ಟು, ಯಾವ ಸರ್ವರಿಗೆ ಯಾವ ಕೀಲಿ ಎಂದು ಕಡತದಲ್ಲಿ 'ಐಡೆಂಟಿಟಿಫೈಲ್' ಸಾಲು ಬರೆದು, ಒಂದು ವಾರದ ಮೇಲೆ ಅವನಿಗೆ ಹೆಮ್ಮೆಯಿಂದ ತೋರಿಸಿದೆವು. ಅವನು ಹೊರಗಿನ ಸರ್ವರಿಗೆ ಹೋಗಿ 'ಎಸ್‌ಎಸ್‌ಎಚ್-ಆಡ್ ಮೈನಸ್ ಎಲ್' ಎಂದು ಒತ್ತಿ ಎಂದ. ಒತ್ತಿದೆವು. ನಾಲ್ಕೂ ಕೀಲಿಗಳ ಹೆಸರು ಸಾಲಾಗಿ ಬಂದವು!

"ಗೊಂಚಲಿಗೆ ಇನ್ನೂ ಮೂರು ಸೇರಿಸಿದ್ದೀರಿ ಸಾರ್, ಅಷ್ಟೇ" ಎಂದು ನಕ್ಕ.

ಅರ್ಥವಾಗಲು ನಮಗೆ ಹತ್ತು ನಿಮಿಷ ಹಿಡಿಯಿತು. ಆ ಸಾಲು, ಅದರ ಜೊತೆಗೆ 'ಐಡೆಂಟಿಟೀಸ್‌ಓನ್ಲಿ ಯೆಸ್' ಎಂಬ ಇನ್ನೊಂದು ಸಾಲು ಬರೆದರೆ, ನಮ್ಮ ಲ್ಯಾಪ್‌ಟಾಪು ಆ ಸರ್ವರಿನ ಬಾಗಿಲಲ್ಲಿ ಯಾವ ಕೀಲಿ ತೋರಿಸಬೇಕು ಎಂಬುದನ್ನು ಮಾತ್ರ ನಿರ್ಧರಿಸುತ್ತದೆ. ಅದು ಬೇಕಾದದ್ದೇ. ಇಲ್ಲದಿದ್ದರೆ ಏಜೆಂಟಿನಲ್ಲಿರುವ ಕೀಲಿಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತಾ ಹೋಗುತ್ತದೆ. ಸರ್ವರುಗಳು ಸಾಮಾನ್ಯವಾಗಿ ಆರು ಪ್ರಯತ್ನಕ್ಕೆ ಬಾಗಿಲು ಹಾಕಿಬಿಡುತ್ತವೆ. ಕೀಲಿ ಜಾಸ್ತಿ ಇದ್ದವರು ಸರಿಯಾದ ಕೀಲಿ ಇದ್ದೂ ಒಳಗೆ ಹೋಗಲಾಗದೆ ತಲೆ ಚಚ್ಚಿಕೊಳ್ಳುವುದು ಇದಕ್ಕೇ. ಆದರೆ ಫಾರ್ವರ್ಡ್ ಮಾಡಿದಾಗ ಹೋಗುವುದು ಒಂದು ಕೀಲಿಯಲ್ಲ, ಏಜೆಂಟ್ ಎಂಬ ಚಾಕರನೇ. ಅವನ ಸೊಂಟದಲ್ಲಿರುವ ಗೊಂಚಲು ಪೂರ್ತಿ ಅವನ ಜೊತೆಗೇ ಹೋಗುತ್ತದೆ. ಅಂದರೆ ಹೊರಗಿನ ಸರ್ವರಿನಲ್ಲಿ ಕುಳಿತವನಿಗೆ ನಮ್ಮ ವಿಕಿಪೀಡಿಯದ ಕೆಲಸದ ರುಜುವೂ ಸಿಗುತ್ತದೆ. ಕೀಲಿ ಬೇರೆ ಮಾಡಿದರೆ ಸಾಲದು, ಗೊಂಚಲೂ ಬೇರೆಯಾಗಬೇಕು. ಅದಕ್ಕಿಂತ ಮೇಲು, ಗೊಂಚಲು ಮನೆ ಬಿಟ್ಟು ಹೋಗಲೇಬಾರದು.

ಹೋಗದೆ ಒಳಗಿನ ಸರ್ವರು ತಲುಪುವುದು ಹೇಗೆ? ದಾರಿ ಇದೆ, ಬಹಳ ಸರಳ. 2016ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.3ರಿಂದ 'ಪ್ರಾಕ್ಸಿಜಂಪ್' ಎಂಬ ಸೌಲಭ್ಯ ಇದೆ. ಆಜ್ಞೆಯಲ್ಲಾದರೆ ಮೈನಸ್ ದೊಡ್ಡ ಜೆ, ಅದರ ಮುಂದೆ ಹೊರಗಿನ ಸರ್ವರಿನ ಹೆಸರು, ಆಮೇಲೆ ಒಳಗಿನದರ ಹೆಸರು. ಇದರಲ್ಲಿ ಹೊರಗಿನ ಸರ್ವರು ಬರೀ ಬಸ್ ಸ್ಟ್ಯಾಂಡು. ಒಳಗಿನ ಸರ್ವರಿಗೂ ನಮ್ಮ ಲ್ಯಾಪ್‌ಟಾಪಿಗೂ ನೇರ ಮಾತುಕತೆ ನಡೆಯುತ್ತದೆ, ಅದು ಮೊಹರು ಮಾಡಿದ ಲಕೋಟೆಯಲ್ಲಿ ಹೊರಗಿನದನ್ನು ಹಾದು ಹೋಗುತ್ತದೆ. ಅಲ್ಲಿ ರೂಟ್ ಇದ್ದವನೂ ಲಕೋಟೆ ಒಡೆಯಲಾರ, ರುಜು ಕೇಳಲು ಕಿಟಕಿಯೂ ಇಲ್ಲ. ಒಂದು ಮಾತು: ಮೊದಲ ಸಲ ಹೋಗುವಾಗ ಒಳಗಿನ ಸರ್ವರಿನ ಬೆರಳಚ್ಚು ಸರಿಯೇ ಎಂದು ಕೇಳುತ್ತದೆ, ಅದನ್ನು ಓದದೆ 'ಯೆಸ್' ಅನ್ನಬೇಡಿ. (ನಾವೂ ಅನ್ನುತ್ತಿದ್ದೆವು!) ಫಾರ್ವರ್ಡ್ ಮಾಡುತ್ತಿರುವವರಲ್ಲಿ ಬಹಳ ಜನಕ್ಕೆ ನಿಜವಾಗಿ ಬೇಕಾಗಿರುವುದು ಇದೊಂದೇ ಎಂದು ಈಗ ನಮಗೆ ಅನ್ನಿಸುತ್ತದೆ.

ರಾತ್ರಿಯ ನಕಲು ಕೆಲಸದ ವಿಷಯ ಬೇರೆ, ಅಲ್ಲಿ ಎರಡು ಸರ್ವರುಗಳೇ ತಮ್ಮಲ್ಲಿ ಮಾತಾಡಬೇಕು. ಮೊದಲು ಹೊರಗಿನದು ಒಳಗಿನದಕ್ಕೆ ತಳ್ಳುತ್ತಿತ್ತು. ಈಗ ತಿರುವಿ ಹಾಕಿದ್ದೇವೆ, ಒಳಗಿನದೇ ಬಂದು ಹೊರಗಿನದರಿಂದ ಎತ್ತಿಕೊಂಡು ಹೋಗುತ್ತದೆ. ಅದಕ್ಕೆಂದೇ ಒಳಗಿನ ಸರ್ವರಿನಲ್ಲಿ ಒಂದು ಪ್ರತ್ಯೇಕ ಕೀಲಿ. ಹೊರಗಿನದರಲ್ಲಿ ಆ ಕೀಲಿಯ ಹಿಂದೆ 'ರಿಸ್ಟ್ರಿಕ್ಟ್' ಎಂಬ ಪದ ಸೇರಿಸಿ, ಆರ್‌ಆರ್‌ಸಿಂಕ್ ಎಂಬ ಪುಟ್ಟ ತಂತ್ರಾಂಶದಿಂದ ಒಂದೇ ಕೋಶವನ್ನು ಓದಲು ಮಾತ್ರ ಬಿಟ್ಟಿದ್ದೇವೆ. ಅಂಗಡಿಗೆ ಹೋಗಿ ಸಾಮಾನು ತರುವುದು ಬೇರೆ, ಅಂಗಡಿಯವನಿಗೆ ಮನೆಯ ಬೀಗದ ಕೈ ಕೊಟ್ಟು ತಂದಿಡು ಅನ್ನುವುದು ಬೇರೆ ಅಲ್ಲವೆ?

ಇಷ್ಟಾದ ಮೇಲೂ ಫಾರ್ವರ್ಡ್ ಮಾಡಲೇಬೇಕಾದ ಸಂದರ್ಭ ಯಾರಿಗಾದರೂ ಇರಬಹುದು. ಅಂಥವರಿಗೆ ಶಿಷ್ಯ ಹೇಳಿಕೊಟ್ಟದ್ದು ಇದು. ಎಲ್ಲ ಸರ್ವರಿಗೂ ಅನ್ವಯಿಸುವ ಸಾಲಿನಲ್ಲಿ 'ಫಾರ್ವರ್ಡ್‌ಏಜೆಂಟ್ ನೋ' ಎಂದೇ ಇರಲಿ. ಎರಡನೇ ಏಜೆಂಟ್ ಒಂದನ್ನು ಬೇರೆ ವಿಳಾಸದಲ್ಲಿ ಓಡಿಸಿ, 'ಎಸ್‌ಎಸ್‌ಎಚ್-ಏಜೆಂಟ್ ಮೈನಸ್ ಎ' ಎಂದು ವಿಳಾಸ ಕೊಟ್ಟರೆ ಆಯಿತು. ಅವನಿಗೆ ಆ ಕೆಲಸದ ಒಂದೇ ಕೀಲಿ ಕೊಡಿ. 2020ರ 8.2 ಆವೃತ್ತಿಯಿಂದ 'ಫಾರ್ವರ್ಡ್‌ಏಜೆಂಟ್' ಸಾಲಿನಲ್ಲಿ 'ಯೆಸ್' ಬದಲು ಆ ವಿಳಾಸವನ್ನೇ ಬರೆಯಬಹುದು. ಆಗ ಹೋಗುವವನು ಒಂದೇ ಕೀಲಿಯ ಚಾಕರ, ಗೊಂಚಲಿನವನು ಮನೆಯಲ್ಲೇ. ಕೀಲಿ ಕೊಡುವಾಗ 'ಮೈನಸ್ ಸಿ' ಸೇರಿಸಿದರೆ ಪ್ರತಿ ರುಜುವಿಗೂ ನಿಮ್ಮ ಪರದೆಯ ಮೇಲೆ ಕೇಳಿಯೇ ಹಾಕುತ್ತಾನೆ. 'ಮೈನಸ್ ಟಿ' ಸೇರಿಸಿ ಸಮಯ ಕೊಟ್ಟರೆ ಅಷ್ಟು ಹೊತ್ತಾದ ಮೇಲೆ ಕೀಲಿಯನ್ನು ಮರೆತುಬಿಡುತ್ತಾನೆ. ನಾವು ಆ ಶನಿವಾರ ಈ ಎರಡರಲ್ಲಿ ಒಂದನ್ನು ಬಳಸಿದ್ದರೂ ಎರಡು ಹದಿನೇಳಕ್ಕೆ ಬಾಗಿಲು ತೆರೆಯುತ್ತಿರಲಿಲ್ಲ. 2022ರ 8.9 ಆವೃತ್ತಿಯಿಂದ 'ಮೈನಸ್ ಎಚ್' ಎಂದು ಈ ಕೀಲಿ ಇಂಥ ಸರ್ವರಿಗೆ, ಇಂಥ ದಾರಿಯಲ್ಲಿ ಮಾತ್ರ ಎಂದೂ ಕಟ್ಟುಹಾಕಬಹುದು. ದಾರಿಯ ಯಂತ್ರಗಳಲ್ಲೂ ಆ ಹೊಸ ಆವೃತ್ತಿ ಇರಬೇಕು ಅಷ್ಟೇ. ತಂತ್ರಾಂಶವನ್ನು ಹಳತಾಗಲು ಬಿಡಬೇಡಿ. 2023ರ ಜುಲೈನಲ್ಲಿ ಕ್ವಾಲಿಸ್ ಸಂಸ್ಥೆಯವರು, ಫಾರ್ವರ್ಡ್ ಮಾಡಿದ ಏಜೆಂಟಿನ ಮೂಲಕ ಬಳಕೆದಾರನ ಲ್ಯಾಪ್‌ಟಾಪಿನೊಳಗೇ ನುಗ್ಗಬಹುದಾದ ಒಂದು ತೂತನ್ನು ತೋರಿಸಿದರು. ಕೂಡಲೇ ಅದನ್ನು ಮುಚ್ಚಿದ ಆವೃತ್ತಿ ಬಂತು. ಹಳೆಯದನ್ನೇ ಇಟ್ಟುಕೊಂಡವರಿಗೆ ಅದರಿಂದ ಏನು ಪ್ರಯೋಜನ?

ದೊಡ್ಡವರು ಹೇಗೆ ಮಾಡುತ್ತಾರೆ ನೋಡಿ. ವಿಕಿಮೀಡಿಯದಲ್ಲಿ ನಮ್ಮಂಥ ಸ್ವಯಂಸೇವಕರು ಬಳಸುವ ಕ್ಲೌಡಿಗೆ ಒಂದು ಕೀಲಿ, ವಿಕಿಪೀಡಿಯ ನಡೆಯುವ ಮುಖ್ಯ ಸರ್ವರುಗಳಿಗೆ ಬೇರೆಯೇ ಕೀಲಿ ಇರಬೇಕು ಎಂಬ ನಿಯಮವಿದೆ. ಎಲ್ಲರೂ ಬಂದುಹೋಗುವ ಜಾಗದ ಕೀಲಿ ಮನೆಯ ಗರ್ಭಗುಡಿಗೆ ತಾಗಬಾರದು ಎಂದು. 2003ರಿಂದ ಇರುವ ಕನ್ನಡ ವಿಕಿಪೀಡಿಯವೂ ಅದೇ ಸರ್ವರುಗಳ ಮೇಲೆ ನಡೆಯುತ್ತದೆ. ಆ ನಿಯಮ ಓದಿದಾಗ ನಮಗೆ ಅತಿಯಾಯಿತು ಅನ್ನಿಸಿತ್ತು.

ತಾಂತ್ರಿಕ ಮಾತು ಸಾಕು. ಕಷ್ಟವಾದದ್ದು ಬೇರೆಯದು.

ಎಚ್.ಎಂ. ಮೇಡಂಗೆ ಸೋಮವಾರವೇ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ಕಡತ ತೆಗೆದುಕೊಂಡು ಹೋಗಿದ್ದಾರಾ?" ಎಂದರು. ಬಂದವನು ಆರು ನಿಮಿಷ ಇದ್ದ, ಅಷ್ಟು ಹೊತ್ತಿನಲ್ಲಿ ಅದನ್ನು ನಕಲು ಮಾಡಿಕೊಳ್ಳಬಹುದಿತ್ತು, ಮಾಡಿಕೊಂಡಿದ್ದಾನೆ ಎಂದೇ ತಿಳಿದು ನಡೆಯಬೇಕು ಎಂದೆವು. ಬ್ಯಾಂಕಿನ ಹೆಸರು ಹೇಳಿಕೊಂಡು ಯಾರಾದರೂ ಫೋನ್ ಮಾಡುವ ಮೊದಲು ಮಕ್ಕಳ ಮನೆಯವರಿಗೆ ತಿಳಿಯಬೇಕು ಎಂದು ಮೇಡಂ ಹೇಳಿದರು. ಪರೀಕ್ಷೆಯ ಗಡಿಬಿಡಿಯಲ್ಲೂ ಮೂರು ಸಂಜೆಗಳಲ್ಲಿ 38 ಮನೆಗೂ ಹೋದೆವು. ಒಬ್ಬರು ಗುಲಾಬಿ ತೋಟದಿಂದ ಆಗ ತಾನೆ ಬಂದಿದ್ದರು, ಕೈಯಲ್ಲಿ ಇನ್ನೂ ಮುಳ್ಳಿನ ಗೀರು. ಕನ್ನಡದಲ್ಲಿ ಹೇಳಿದ್ದನ್ನೇ ಕೆಲವರಿಗೆ ತೆಲುಗಿನಲ್ಲಿ ಹೇಳಬೇಕಾಯಿತು. ಓ.ಟಿ.ಪಿ. ಯಾರು ಕೇಳಿದರೂ ಹೇಳಬೇಡಿ, ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ಎಂದು ಚೀಟಿ ಬರೆದು ಕೊಟ್ಟೆವು.

ಒಬ್ಬ ಅಜ್ಜಿ ಕೇಳಿದರು, "ಮೇಷ್ಟ್ರೇ, ನಮ್ ಪಾಸ್‌ಬುಕ್ಕಾಗೆ ಮುನ್ನೂರು ರೂಪಾಯೂ ಇಲ್ಲ. ಅದನ್ನ ತಕ್ಕೊಂಡು ಅವ್ನೇನ್ ಮಾಡ್ತಾನೆ?"

ದುಡ್ಡಿಗಲ್ಲ ಅಜ್ಜಿ, ನಿಮ್ಮ ಹೆಸರಿನಲ್ಲಿ ಬೇರೆಯವರಿಗೆ ಮೋಸ ಮಾಡಲಿಕ್ಕೂ ಆಗುತ್ತದೆ ಎಂದೆವು.

ಅಜ್ಜಿ ಸ್ವಲ್ಪ ಯೋಚಿಸಿ, "ಹಂಗಾದ್ರೆ ಅದನ್ನ ಅಷ್ಟು ದೂರದಾಗೆ ಯಾಕ್ ಇಟ್ಟಿದ್ರಿ?" ಎಂದರು.

ಈ ಪ್ರಶ್ನೆಯನ್ನು ನಮ್ಮ ಶಿಷ್ಯನೂ ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ. ಕೀಲಿ ಯಾವುದು, ಏಜೆಂಟ್ ಎಷ್ಟು ಎಂದೆಲ್ಲ ತಲೆ ಕೆಡಿಸಿಕೊಂಡೆವೇ ಹೊರತು, ಆ ಕಡತ ಸರ್ವರಿನಲ್ಲಿ ಇರಲೇಬೇಕೆ ಎಂದು ಕೇಳಿಕೊಳ್ಳಲಿಲ್ಲ. ಈಗ ಅದು ಅಲ್ಲಿಲ್ಲ. ಕಾಗದಗಳು ಶಾಲೆಯ ಕಬ್ಬಿಣದ ಬೀರುವಿನಲ್ಲಿವೆ, ಬೀಗದ ಕೈ ಮೇಡಂ ಹತ್ತಿರ.

ಇದುವರೆಗೆ ಇಬ್ಬರಿಗೆ ಬ್ಯಾಂಕಿನಿಂದ ಎಂದು ಫೋನ್ ಬಂದಿತ್ತಂತೆ. ಅಂಥ ಫೋನು ಎಲ್ಲರಿಗೂ ಬರುತ್ತದೆ, ಇದರಿಂದಲೇ ಎಂದು ಹೇಳಲಾಗದು. ಇಬ್ಬರೂ ನಮ್ಮ ಚೀಟಿ ನೋಡಿ ಇಟ್ಟುಬಿಟ್ಟರಂತೆ.

ಹೊರಗಿನ ಸರ್ವರಿನಲ್ಲಿ ಈಗ ರೂಟ್ ಅಧಿಕಾರ ಇಬ್ಬರಿಗೆ ಮಾತ್ರ. ಪಾಸ್‌ವರ್ಡಿನ ದಾರಿ ಮುಚ್ಚಿದೆ. ಊರಿನ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದ ಸಹೋದ್ಯೋಗಿಗೆ ಕಳೆದ ಭಾನುವಾರ ನಮ್ಮ ಮನೆಯಲ್ಲೇ ಕೂರಿಸಿಕೊಂಡು ಕೀಲಿ ಮಾಡಿಸಿದೆವು, ಅವರೂ ಕಲಿತರು. ಹಳೆಯ ಪತ್ರಿಕೆಗಳೆಲ್ಲ ಮೊದಲಿನ ಜಾಗದಲ್ಲೇ ಸಿಗುತ್ತವೆ. ಎಂಟನೇ ತರಗತಿಯ ವಿಜ್ಞಾನದ ಮೊದಲ ಎರಡು ಪಾಠಗಳ ಟಿಪ್ಪಣಿ ಸಿದ್ಧವಾಗಿದೆ, ಈ ವಾರ ಏರಿಸುತ್ತೇವೆ. ಬೇರಿಕೆ ಕಡೆಯವರು ಗಣಿತ ಕೇಳಿದ್ದಿರಿ, ಅದಕ್ಕೆ ಇನ್ನೂ ಹದಿನೈದು ದಿನ ಬೇಕು.